ಲಕ್ಸೆಂಬರ್ಗಿಶ್ ಕಲಿಸೋಕೆ ಮನೇಲಿ ಕನ್ನಡ ಬಿಡಬೇಕಾ?

ಲಕ್ಸೆಂಬರ್ಗ್‌ನಲ್ಲಿರೋ ಓದುಗರೊಬ್ಬರು ಪತ್ರ ಬರೆದಿದಾರೆ. ಮಗಳಿಗೆ ಈ ಆಗಸ್ಟ್‌ನಲ್ಲಿ ಮೂರು ತುಂಬುತ್ತಂತೆ, ಮನೇಲಿ ಕನ್ನಡ, ಕ್ರೆಶ್‌ನಲ್ಲಿ ಜಾಸ್ತಿ ಫ್ರೆಂಚು, ಸ್ಕೂಲಿಗೆ ಹೋದ್ರೆ ಲಕ್ಸೆಂಬರ್ಗಿಶ್, ಅದರ ಹಿಂದೇನೇ ಜರ್ಮನ್. ಮಗು ತಬ್ಬಿಬ್ಬಾಗುತ್ತೆ ಅಂತ ಅವರಿಗೆ ಭಯ, ಅದಕ್ಕೆ ಕನ್ನಡ ಸ್ವಲ್ಪ ದಿನ ಪಕ್ಕಕ್ಕಿಟ್ಟು, ಆಪ್ ನೋಡಿ ತಾವೂ ಕಲಿತು ಮನೇಲೇ ಲಕ್ಸೆಂಬರ್ಗಿಶ್ ಮಾತಾಡೋಣ ಅಂತ ಯೋಚನೆ ಮಾಡ್ತಿದಾರೆ.

ಬೇಡ, ದಯವಿಟ್ಟು ಕನ್ನಡ ಬಿಡಬೇಡಿ. ನೀವು ನಿನ್ನೆ ಮೊನ್ನೆ ಕಲಿತ ನಾಲ್ಕು ವಾಕ್ಯದಲ್ಲಿ ಮಗು ಜೊತೆ ಎಷ್ಟು ಹೊತ್ತು ಮಾತಾಡ್ತೀರ? ಯಾಕೆ, ಹೇಗೆ, ಆಮೇಲೇನಾಯ್ತು ಅಂತ ಅವಳು ಕೇಳೋ ವಯಸ್ಸು ಇದು, ಅದಕ್ಕೆಲ್ಲ ನಿಮ್ಮ ಹತ್ರ ಉತ್ತರ ಇರೋದು ಕನ್ನಡದಲ್ಲಿ. ಆ ಭಾಷೇಲಿ ಕಥೆ ಕೇಳಿ, ಜಗಳ ಆಡಿ, ಹಠ ಮಾಡಿ ಬೆಳೆದ ಮಗು ಇನ್ನೊಂದು ಭಾಷೆಗೂ ಅದನ್ನೆಲ್ಲ ಹೊತ್ಕೊಂಡು ಹೋಗುತ್ತೆ. ಅಲ್ಲಿನ ಸ್ಕೂಲುಗಳಿಗೂ ಇದು ಹೊಸದಲ್ಲ, ದೇಶದ ಜನಸಂಖ್ಯೇಲಿ ಅರ್ಧದ ಹತ್ತಿರ ವಿದೇಶಿಯರು, ಅದರಲ್ಲೂ ಪೋರ್ಚುಗೀಸರೇ ಹೆಚ್ಚು, ಹಾಗಾಗಿ ಮನೇಲಿ ಲಕ್ಸೆಂಬರ್ಗಿಶ್ ಇಲ್ಲದ ಮಕ್ಕಳು ಪ್ರತಿ ಕ್ಲಾಸಲ್ಲೂ ಇರ್ತಾರೆ.

ಹಾಗಾದ್ರೆ ಲಕ್ಸೆಂಬರ್ಗಿಶ್ ಎಲ್ಲಿಂದ ಬರಬೇಕು? ಆಟದಿಂದ, ಅದನ್ನ ಮಾತಾಡೋ ಮಕ್ಕಳು ಮತ್ತು ಟೀಚರ್‌ಗಳಿಂದ. ಮೂರು ವರ್ಷದವರಿಗೆ ಅಲ್ಲಿ ಪ್ರೆಕೋಸ್ ಅಂತ ಕ್ಲಾಸ್ ಇದೆ, ಕಡ್ಡಾಯ ಅಲ್ಲ, ಫೀಸೂ ಇಲ್ಲ. 1998ರಲ್ಲಿ ಅದು ಶುರುವಾದಾಗ ವಿದೇಶಿ ಮಕ್ಕಳ ಕಿವಿಗೆ ಬೇಗ ಲಕ್ಸೆಂಬರ್ಗಿಶ್ ಬೀಳಲಿ ಅನ್ನೋದು ಒಂದು ಮುಖ್ಯ ಉದ್ದೇಶ. ಸೆಪ್ಟೆಂಬರ್ 1ರೊಳಗೆ ಮೂರು ತುಂಬಿರಬೇಕು, ನಿಮ್ಮ ಮಗಳಿಗೆ ತುಂಬಿರುತ್ತೆ, ಹಾಗಾಗಿ ಇವತ್ತೇ ನಿಮ್ಮ ಕಮ್ಯೂನ್ (ಅಲ್ಲಿನ ಸ್ಥಳೀಯ ಆಡಳಿತ) ಆಫೀಸಲ್ಲಿ ವಿಚಾರಿಸಿ. ನಾಲ್ಕಕ್ಕೆ ಸ್ಕೂಲ್ ಹೇಗಿದ್ರೂ ಕಡ್ಡಾಯ, ಆದ್ರೆ ಆ ಒಂದು ವರ್ಷ ಮುಂಚೆ ಸಿಕ್ಕಿದ್ರೆ ತುಂಬಾ ವ್ಯತ್ಯಾಸ ಆಗುತ್ತೆ. ಕ್ರೆಶ್‌ನಲ್ಲೂ ಕೇಳಿ ನೋಡಿ, ಮಕ್ಕಳ ಪಾಲನೆ ಖರ್ಚಿಗೆ ಸರ್ಕಾರ ನೆರವಾಗೋ ಚೆಕ್-ಸರ್ವಿಸ್ ಯೋಜನೆಗೆ ಸೇರಿರೋ ಕಡೆ 2017ರಿಂದ ಒಂದರಿಂದ ನಾಲ್ಕು ವರ್ಷದ ಮಕ್ಕಳಿಗೆ ಲಕ್ಸೆಂಬರ್ಗಿಶ್, ಫ್ರೆಂಚ್ ಎರಡೂ ಕೇಳಿಸಬೇಕು ಅಂತ ನಿಯಮ ಇದೆ.

ಅಕ್ಷರದ ಗೋಜಿಗೆ ಈಗಲೇ ಹೋಗಬೇಡಿ. ಅಲ್ಲಿ ಆರನೇ ವಯಸ್ಸಿಗೆ ಓದು ಬರಹ ಶುರುವಾಗೋದು ಹೆಚ್ಚಾಗಿ ಜರ್ಮನ್‌ನಲ್ಲಿ (ಫ್ರೆಂಚ್‌ನಲ್ಲಿ ಕಲಿಸೋ ಪ್ರಯೋಗ 2022ರಲ್ಲಿ ಕೆಲವು ಸ್ಕೂಲಲ್ಲಿ ಆರಂಭ ಆಯ್ತು). ಎರಡೂ ಹತ್ತಿರದ ಭಾಷೆಗಳು, ಹಾಗಾಗಿ ಲಕ್ಸೆಂಬರ್ಗಿಶ್ ಚೆನ್ನಾಗಿ ಕೇಳಿಸ್ಕೊಂಡ ಮಗುಗೆ ಜರ್ಮನ್ ಅಪರಿಚಿತ ಅನ್ಸಲ್ಲ. ವರ್ಕ್‌ಶೀಟಿಂದ ಬರದೇ ಇರೋದು ಎಷ್ಟೋ ಇದೆ. ಕಾರಿಗೆ ಡೆನ್ ಔಟೊ ಅಂತಾರೆ, ಆದ್ರೆ ಬಸ್ಸಿಗೆ ಡೆ ಬುಸ್ ಅಂತಾರೆ (ಡೆನ್ ಅಂದ್ರೆ ಇಂಗ್ಲಿಷಿನ 'ದ' ಇದ್ದ ಹಾಗೆ), ಮುಂದಿನ ಅಕ್ಷರ ನೋಡ್ಕೊಂಡು ಆ 'ನ್' ಉಳಿಯುತ್ತೆ ಇಲ್ಲ ಬಿದ್ದುಹೋಗುತ್ತೆ, ದೊಡ್ಡವರು ಇದರ ನಿಯಮ ಬಾಯಿಪಾಠ ಮಾಡಿ ಒದ್ದಾಡ್ತಾರೆ, ಮಕ್ಕಳು ಸುಮ್ನೆ ಕೇಳಿ ಕೇಳಿ ಸರಿಯಾಗಿ ಹೇಳ್ಬಿಡ್ತಾರೆ.

ಮೊದಲ ಕೆಲವು ತಿಂಗಳು ಅವಳು ಸ್ಕೂಲಲ್ಲಿ ಬಾಯೇ ಬಿಡದೆ ಇರಬಹುದು. ಗಾಬರಿ ಬೇಡ, ಕೇಳಿಸ್ಕೊಳ್ತಿರ್ತಾಳೆ. ವಿಡಿಯೋ ಕಾಲಲ್ಲಿ ಅಜ್ಜಿ ಮುಂದೆ ನಿಲ್ಲಿಸಿ "ಏನಾದ್ರೂ ಹೇಳು ಪುಟ್ಟಿ" ಅಂತ ಪರೀಕ್ಷೆ ಮಾತ್ರ ಮಾಡಬೇಡಿ.

ಹಬ್ಬಗಳನ್ನ ತಪ್ಪಿಸಬೇಡಿ. ಫೆಬ್ರವರಿ 2ರ ಸಂಜೆ ಮಕ್ಕಳು ಲಾಂದ್ರ ಹಿಡ್ಕೊಂಡು ಮನೆ ಮನೆಗೆ ಹೋಗಿ ಹಾಡು ಹೇಳ್ತಾರೆ, ನಮ್ಮ ಮಲೆನಾಡಲ್ಲಿ ದೀಪಾವಳಿಗೆ ಅಂಟಿಗೆ-ಪಂಟಿಗೆಯವರು ದೀಪ ತಗೊಂಡು ಬರ್ತಾರಲ್ಲ, ಹಾಗೆ. ಹಾಡಲ್ಲಿ ಕೇಳೋದು ಹಂದಿಮಾಂಸ ಮತ್ತು ಬಟಾಣಿ, ಈಗ ಸಿಗೋದು ಚಾಕ್ಲೇಟು, ಚಿಲ್ಲರೆ. ಡಿಸೆಂಬರ್ 6ಕ್ಕೆ ಕ್ಲೇಶೆನ್ (ಸಂತ ನಿಕೋಲಸ್) ಬಂದು ಮಕ್ಕಳಿಗೆ ಉಡುಗೊರೆ ಕೊಡ್ತಾನೆ. ಇಂಥ ಹಾಡನ್ನ ಗುಂಪಲ್ಲಿ ಕಲಿತ ಮಗು ಅರ್ಥ ಗೊತ್ತಾಗೋ ಮುಂಚೇನೇ ಉಚ್ಚಾರಣೆ ಹಿಡ್ಕೊಳ್ಳುತ್ತೆ.

ನೀವೂ ಕಲೀರಿ, ಖಂಡಿತ ಕಲೀರಿ, ಆದ್ರೆ ಬೇರೆ ಅಪ್ಪ ಅಮ್ಮಂದಿರ ಜೊತೆ ಮಾತಾಡೋಕೆ, ಮಗಳ ಫ್ರೆಂಡ್ಸನ್ನ ಮನೆಗೆ ಕರೆಯೋಕೆ. ಕೆಲಸದಲ್ಲಿರೋರಿಗೆ ಲಕ್ಸೆಂಬರ್ಗಿಶ್ ಕಲಿಯೋಕೆ ಅಂತಲೇ ಒಟ್ಟು 200 ಗಂಟೆವರೆಗೆ ರಜೆ ಸಿಗೋ ಕಾನೂನಿದೆ, ಕಂಪನೀಲಿ ಕೇಳಿ. ಎಲ್ಓಡಿ ಅನ್ನೋ ಆನ್‌ಲೈನ್ ನಿಘಂಟಲ್ಲಿ ಪದಗಳ ಉಚ್ಚಾರಣೆ ಕೇಳಬಹುದು, ಅದು ಫ್ರೀ. ರಾತ್ರಿ ಕಥೆ ಮಾತ್ರ ಕನ್ನಡದಲ್ಲೇ ಇರಲಿ. ಸ್ಕೂಲಲ್ಲಿ ಏನಾಯ್ತು ಅಂತ ಕನ್ನಡದಲ್ಲೇ ಕೇಳಿ, ಅವಳು ಮಧ್ಯೆ ಮಧ್ಯೆ ಲಕ್ಸೆಂಬರ್ಗಿಶ್ ಪದ ಸೇರಿಸಿ ಹೇಳಿದ್ರೆ ತಿದ್ದಬೇಡಿ, ನೀವು ಕನ್ನಡದಲ್ಲಿ ಮಾತು ಮುಂದುವರಿಸಿ.