ಬಿಲ್ಲಿಂಗ್ ಆ್ಯಪ್‌ಗೆ ಸದ್ದು ಬೇಕಾ?

ಎಲ್ಲವೂ ಸ್ಕ್ರೀನ್ ಮೇಲೆ ಕಾಣುವಾಗ ಅಂಗಡಿ ಬಿಲ್ಲಿಂಗ್ ಆ್ಯಪ್‌ಗೆ ಸದ್ದು ಯಾಕೆ, ಕಿರಿಕಿರಿ ಆಗಲ್ವಾ ಅಂತ ಕೇಳಿದ್ದೀರಿ. ಬೇಕು. ನಾನೂ ಇದೇ ಕೆಲಸ ಮಾಡುವವನು, ಒಂದು ತಪ್ಪು ಮಾಡಿ ಇದನ್ನು ಕಲಿತೆ.

ಒಂದು ದಿನಸಿ ಅಂಗಡಿಗೆ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೆ. ಸ್ಕ್ಯಾನರ್ ಬಾರ್‌ಕೋಡ್ ಓದಿದ ಕೂಡಲೇ ಬೀಪ್ ಅನ್ನುತ್ತಿತ್ತು. ಆ ಸಾಮಾನು ನಮ್ಮ ಪಟ್ಟಿಯಲ್ಲಿ ಇಲ್ಲದಿದ್ದರೂ ಅದೇ ಬೀಪ್. ಸ್ಕ್ರೀನ್ ಮೇಲೆ ಮಾತ್ರ ಕೆಂಪು ಅಕ್ಷರದಲ್ಲಿ ‘ಸಿಗಲಿಲ್ಲ’ ಅಂತ ಬರುತ್ತಿತ್ತು. ತಿಂಗಳ ಕೊನೆಗೆ ಸ್ಟಾಕ್ ತಾಳೆಯಾಗಲಿಲ್ಲ. ಒಂದು ಸಂಜೆ ಕೌಂಟರ್ ಪಕ್ಕ ಸ್ಟೂಲ್ ಹಾಕಿಕೊಂಡು ಕೂತು ನೋಡಿದೆ. ಬಿಲ್ ಹಾಕುವ ಹುಡುಗಿ ಒಂದು ಕೈಯಲ್ಲಿ ಸೋಪು ತಿರುಗಿಸಿ ಬಾರ್‌ಕೋಡ್ ಹುಡುಕುತ್ತಾಳೆ, ಇನ್ನೊಂದು ಕೈ ಚೀಲದಲ್ಲಿ, ಕಣ್ಣು ಮುಂದಿನ ಸಾಮಾನಿನ ಮೇಲೆ. ಬಿಡುವಾಗಿದ್ದದ್ದು ಕಿವಿ ಒಂದೇ. ಬೀಪ್ ಕೇಳಿತಾ, ಚೀಲಕ್ಕೆ ಹಾಕು. ತಪ್ಪು ಅವಳದಲ್ಲ, ಪೂರ್ತಿ ನನ್ನದು.

ಸ್ಕ್ಯಾನರ್‌ನ ಸ್ವಂತ ಬೀಪ್ ಆಫ್ ಮಾಡಿ, ಸದ್ದನ್ನು ಸಾಫ್ಟ್‌ವೇರ್‌ನಿಂದಲೇ ಬರಿಸಿದೆ. ಬಿಲ್ಲಿಗೆ ಸೇರಿದರೆ ಚಿಕ್ಕ, ಏರು ಸ್ವರ. ಸೇರದಿದ್ದರೆ ತಗ್ಗಿನ, ಸ್ವಲ್ಪ ಉದ್ದದ ಸ್ವರ, ಜೊತೆಗೆ ಸ್ಕ್ರೀನ್ ಅಲ್ಲೇ ನಿಲ್ಲುತ್ತದೆ. ಮರುದಿನದಿಂದಲೇ ತಗ್ಗಿನ ಸದ್ದಿಗೆ ಅವಳ ತಲೆ ತಾನಾಗಿ ಸ್ಕ್ರೀನ್ ಕಡೆ ತಿರುಗುತ್ತಿತ್ತು.

ಇದು ಹೊಸ ವಿಚಾರವೇನಲ್ಲ. ಬಿಲ್ ಗೇವರ್ ಅನ್ನುವವರು ಆ್ಯಪಲ್‌ನಲ್ಲಿ, ಕಂಪ್ಯೂಟರ್‌ನ ಫೈಲ್ ಕೆಲಸಗಳಿಗೆ ಸದ್ದು ಕೊಡುವ ಸೋನಿಕ್‌ಫೈಂಡರ್ ಮಾಡಿ, 1989ರಲ್ಲಿ ಅದರ ಬಗ್ಗೆ ಬರೆದರು. ಅದರಲ್ಲಿ ಫೈಲ್ ಕಾಪಿ ಆಗುವಾಗ ಪಾತ್ರೆಗೆ ನೀರು ಸುರಿಯುವ ಸದ್ದು ಬರುತ್ತದೆ, ತುಂಬುತ್ತಾ ಹೋದಂತೆ ಸ್ವರ ಏರುತ್ತದೆ. ಅಡುಗೆಮನೆಯಲ್ಲಿ ಇದ್ದುಕೊಂಡೇ ನಲ್ಲಿ ಕೆಳಗಿನ ಕೊಡ ತುಂಬಿತು ಅಂತ ನಮಗೆ ಗೊತ್ತಾಗುತ್ತದೆ ಅಲ್ವಾ, ಅದೇ. ಯಾರೂ ಕಲಿಸಬೇಕಿಲ್ಲ, ಅದಕ್ಕೇ ನನಗೆ ಅದು ಇವತ್ತಿಗೂ ಇಷ್ಟ. ಆಪರೇಷನ್ ಥಿಯೇಟರ್‌ನ ಪಲ್ಸ್ ಆಕ್ಸಿಮೀಟರ್ ಕೂಡ ಹಾಗೇ. ರಕ್ತದಲ್ಲಿ ಆಮ್ಲಜನಕ ಇಳಿದರೆ ಬೀಪ್‌ನ ಸ್ವರವೂ ಇಳಿಯುತ್ತದೆ. ಡಾಕ್ಟರ್ ರೋಗಿಯಿಂದ ಕಣ್ಣು ಕೀಳಬೇಕಿಲ್ಲ. ತರಕಾರಿ ಗಾಡಿಯ ಮೇಲಿನ ಸೌಂಡ್‌ಬಾಕ್ಸ್ ನೀವೇ ನೋಡಿದ್ದೀರಿ. ದುಡ್ಡು ಬಂತು ಅಂತ ಅದು ಕೂಗಿ ಹೇಳುತ್ತದೆ, ಗಾಡಿಯವರ ಕಣ್ಣು ತಕ್ಕಡಿ ಮೇಲೇ ಇರುತ್ತದೆ.

ಆದರೆ ಸದ್ದು ಬಂದು ಹೋಗಿಬಿಡುತ್ತದೆ, ಮತ್ತೆ ನೋಡೋಣ ಅಂದರೆ ಸಿಗಲ್ಲ. ಹಾಗಾಗಿ ಅದು ಹೇಳಿದ್ದು ಸ್ಕ್ರೀನ್ ಮೇಲೂ ಉಳಿಯಲಿ. ಕಿವಿ ಕೇಳಿಸದವರೂ ಕೌಂಟರ್‌ನಲ್ಲಿ ಕೂರುತ್ತಾರೆ, ಹಬ್ಬದ ಗದ್ದಲದಲ್ಲಿ ಯಾರಿಗೂ ಏನೂ ಕೇಳಿಸಲ್ಲ. ಪ್ರತಿ ಬಟನ್‌ಗೂ ಸುಮ್ನೆ ಟಿಕ್ ಟಿಕ್ ಅನ್ನಿಸಬೇಡಿ. ನೀವು ಹೆದರುತ್ತಿರುವ ಕಿರಿಕಿರಿ ಬರುವುದೇ ಅಲ್ಲಿಂದ. ಆ್ಯಪ್ ತೆರೆದಾಗ ಸಂಗೀತವೂ ಬೇಡ. ಕಣ್ಣು ಕಾಣದವರು, ಸ್ಕ್ರೀನ್ ಮೇಲಿರುವುದನ್ನು ಓದಿ ಹೇಳುವ ಎನ್‌ವಿಡಿಎ ಥರದ ಸ್ಕ್ರೀನ್ ರೀಡರ್ ಬಳಸುವಾಗ, ಅದರ ಮಾತು ನಿಮ್ಮ ಸಂಗೀತದಲ್ಲಿ ಮುಳುಗಿಹೋಗುತ್ತದೆ. ವಾಲ್ಯೂಮ್ ಮತ್ತು ಮ್ಯೂಟ್ ಮೊದಲ ಪುಟದಲ್ಲೇ ಇರಲಿ.

ಮಾಡಿದ ಮೇಲೆ ಹೀಗೊಮ್ಮೆ ನೋಡಿ. ಸ್ಕ್ರೀನ್‌ಗೆ ಬೆನ್ನು ಹಾಕಿ ನಿಂತುಕೊಳ್ಳಿ. ಬೇರೆಯವರಿಂದ ಹತ್ತು ಸಾಮಾನು ಸ್ಕ್ಯಾನ್ ಮಾಡಿಸಿ, ನಡುವೆ ಪಟ್ಟಿಯಲ್ಲಿ ಇಲ್ಲದ ಎರಡು ಸೇರಿಸಲು ಹೇಳಿ. ಯಾವ ಎರಡು ಅಂತ ತಿರುಗದೆ ಹೇಳಲು ಆಗದಿದ್ದರೆ, ಎರಡು ಸ್ವರಗಳನ್ನು ಇನ್ನೂ ದೂರ ಮಾಡಿ.