ಕಸ್ಟರ್‌ನ ದಳದ ಕೋಲ್ಟ್ ಅಂತಾರೆ, ಕೊಳ್ಳಬಹುದಾ?

ಪ್ರಶ್ನೆ: ನಾನು ಮೈಸೂರಿನವನು, ಈಗ ಟೆಕ್ಸಸ್‌ನಲ್ಲಿದ್ದೇನೆ. ಒಬ್ಬ ವ್ಯಾಪಾರಿ ಏಳೂವರೆ ಇಂಚು ಬ್ಯಾರೆಲ್‌ನ ಕೋಲ್ಟ್ ಸಿಂಗಲ್ ಆಕ್ಷನ್ ಆರ್ಮಿ ರಿವಾಲ್ವರ್ ತೋರಿಸಿದರು. ಅಮೆರಿಕ ಸೇನೆ ಮೂಲನಿವಾಸಿಗಳ ಎದುರು ಸೋತ 1876ರ ಲಿಟಲ್ ಬಿಗ್‌ಹಾರ್ನ್ ಕಾಳಗದಲ್ಲಿ ಸೇನಾಧಿಕಾರಿ ಕಸ್ಟರ್‌ನ 7ನೇ ಅಶ್ವದಳದವರ ಬಳಿ ಇದ್ದದ್ದಂತೆ. ಫಳಫಳ ಹೊಳೆಯುತ್ತದೆ. ಮರದ ಹಿಡಿಯ ಮೇಲೆ ಡಿ.ಎಫ್.ಸಿ. ಎಂಬ ಮುದ್ರೆಯಿದೆ. ಕೊಳ್ಳಲೇ?

ಉತ್ತರ: ಆ ಕಥೆಗಾಗಿ ಒಂದು ಡಾಲರ್ ಕೂಡ ಜಾಸ್ತಿ ಕೊಡಬೇಡಿ. ಡಿ.ಎಫ್.ಸಿ. ಅಂದರೆ ಡೇವಿಡ್ ಎಫ್. ಕ್ಲಾರ್ಕ್. ಅವರು ಸೇನೆಗಾಗಿ ಕೋಲ್ಟ್‌ಗಳನ್ನು ಪರೀಕ್ಷಿಸಿದ್ದು 1880ರ ದಶಕದಲ್ಲಿ. 7ನೇ ಅಶ್ವದಳಕ್ಕೆ ಈ ರಿವಾಲ್ವರ್ ಸಿಕ್ಕಿದ್ದು 1874ರಲ್ಲಿ, ಆಗ ಪರೀಕ್ಷಕರಾಗಿದ್ದವರು ಆರ್ವಿಲ್ ಐನ್ಸ್‌ವರ್ತ್. ಹಿಡಿ ಆಮೇಲೆ ಬದಲಾಗಿರಬಹುದು ಅಂತ ವ್ಯಾಪಾರಿ ಹೇಳಿದರೆ, ಫ್ರೇಮ್‌ನ, ಅಂದರೆ ರಿವಾಲ್ವರ್ ಒಡಲಿನ, ಎಡಬದಿಯಲ್ಲಿ 'ಯು.ಎಸ್.' ಗುರುತಿನ ಜೊತೆಗಿರುವ ಪೇಟೆಂಟ್ ತಾರೀಕುಗಳನ್ನು ಓದಿ. ಅಲ್ಲಿ 1875ರ ಜನವರಿ 19 ಕಂಡರೆ ಮಾತು ಮುಗಿಯಿತು. 1874ರಲ್ಲಿ ಕೊಟ್ಟ ರಿವಾಲ್ವರ್ ಮೇಲೆ 1875ರ ತಾರೀಕು ಬರೋಕಾಗಲ್ಲ, ಅಲ್ವಾ?

ಹಾಗಂತ ಅದನ್ನು ತಳ್ಳಿಹಾಕಬೇಡಿ. 1873ರಿಂದ 1891ರವರೆಗೆ ಸರ್ಕಾರ ಕೊಂಡದ್ದು ಸುಮಾರು 37,000 ಮಾತ್ರ. ಕ್ಲಾರ್ಕ್ ಮುದ್ರೆಯದು ಅಸಲಿಯಾಗಿದ್ದರೆ ಒಳ್ಳೆಯ ವಸ್ತುವೇ. ಫ್ರೇಮ್, ಟ್ರಿಗರ್ ಗಾರ್ಡ್, ಹಿಡಿಯ ಹಿಂದಿನ ಪಟ್ಟಿ, ಈ ಮೂರರ ಮೇಲಿನ ಸರಣಿ ನಂಬರ್ ಒಂದೇ ಇರಬೇಕು. ಗುಂಡು ತುಂಬುವ ಸಿಲಿಂಡರ್‌ನ ನಂಬರನ್ನೂ ತಾಳೆ ನೋಡಿ. ಬ್ಯಾರೆಲ್‌ನದು, ಖಾಲಿ ತೋಟಾ ಹೊರತಳ್ಳುವ ಎಜೆಕ್ಟರ್ ಕೊಳವೆಯ ಅಡಿಯಲ್ಲಿ ಅಡಗಿರುತ್ತದೆ. ಒಂದು ಸ್ಕ್ರೂ ಬಿಚ್ಚಿದರೆ ಕಾಣುತ್ತದೆ. ಬಿಚ್ಚಲು ಬಿಡದಿದ್ದರೆ ಎದ್ದು ಬನ್ನಿ. ನಿಮಗೆ ತೋರಿಸಿದ್ದು ಏಳೂವರೆ ಇಂಚಿನದು, ಬ್ಯಾರೆಲ್ ಐದೂವರೆ ಇಂಚಿದ್ದಿದ್ದರೆ ಲೆಕ್ಕವೇ ಬೇರೆ. 1890ರ ದಶಕದಲ್ಲಿ ಸೇನೆಗಾಗಿ ಬ್ಯಾರೆಲ್ ಕತ್ತರಿಸಿ, ಬಿಡಿಭಾಗ ಕಲಸಿ ಜೋಡಿಸಿದ 'ಆರ್ಟಿಲರಿ' ರಿವಾಲ್ವರ್‌ಗಳಲ್ಲಿ ನಂಬರ್ ಹೊಂದದಿರುವುದೇ ಸಹಜ.

ನನಗೆ ಹೆಚ್ಚು ಚಿಂತೆ ಆ ಹೊಳಪಿನದು. ಅಕ್ಷರಗಳ ಅಂಚು ಸವೆದು, ಸ್ಕ್ರೂ ತೂತಿನ ಬಾಯಿ ತಗ್ಗಾಗಿದ್ದರೆ ಯಾರೋ ಉಜ್ಜಿ ಮತ್ತೆ ಬಣ್ಣ ಏರಿಸಿದ್ದಾರೆ. ಬೆಲೆ ಅಲ್ಲೇ ಬಿದ್ದುಹೋಗುತ್ತದೆ. ಕಂದು ತಿರುಗಿದ, ಆದರೆ ಯಾರೂ ಕೈಹಾಕದ ರಿವಾಲ್ವರ್ ಸಿಕ್ಕರೆ ನಾನು ಅದನ್ನೇ ಆರಿಸುತ್ತೇನೆ. ಕೊಂಡ ಮೇಲೆ ನೀವೂ ಉಜ್ಜಬೇಡಿ, ತೆಳುವಾಗಿ ಎಣ್ಣೆ ಸವರಿದರೆ ಸಾಕು. ಹೊಗೆರಹಿತ ಮದ್ದಿನ ಗುಂಡು ಹಾಕಲೇಬೇಡಿ, ಆ ಸಿಲಿಂಡರ್‌ಗಳನ್ನು ಮಾಡಿದ್ದು ಕರಿಮದ್ದಿಗೆ.

ಅಮೆರಿಕದ ಫೆಡರಲ್ ಕಾನೂನಿನಲ್ಲಿ 1898 ಅಥವಾ ಅದಕ್ಕೂ ಮೊದಲು ತಯಾರಾದದ್ದು ಪುರಾತನ ವಸ್ತು. ರಾಜ್ಯದ ಕಾನೂನು ಬೇರೆ ಇರಬಹುದು, ವಿಚಾರಿಸಿ. ಮೈಸೂರಿಗೆ ತರುವ ಯೋಚನೆ ಮಾತ್ರ ಸದ್ಯಕ್ಕೆ ಬೇಡ. ಹಳೆಯದಾದರೂ ಗುಂಡು ಹಾರಿಸಬಲ್ಲ ರಿವಾಲ್ವರ್‌ಗೆ ನಮ್ಮಲ್ಲಿ ಲೈಸೆನ್ಸ್ ಬೇಕು. ದುಡ್ಡು ಕೊಡುವ ಮುಂಚೆ ಆ ನಂಬರ್ ಹಾಕಿ ಕೋಲ್ಟ್ ಕಂಪನಿಯ ದಾಖಲೆ ವಿಭಾಗದಿಂದ, ಅದು ಯಾವಾಗ ಯಾರಿಗೆ ಹೋಗಿತ್ತು ಅಂತ ತಿಳಿಸುವ ಪತ್ರ ತರಿಸಿಕೊಳ್ಳಿ.