ಹಡಗಿನ ಬೆನ್ನಿಗೆ ಬರೆದ ಊರು

(ಓದುಗರ ಪ್ರಶ್ನೆಗಳಿಗೆ ಈ ಸಲ ಉತ್ತರಿಸಿದವರು ಇಪ್ಪತ್ತೇಳು ವರ್ಷ ಹಡಗಿನ ಎಂಜಿನ್ ರೂಮಿನಲ್ಲಿ ದುಡಿದು, ಈಗ ಮೂಡಿಗೆರೆ ಹತ್ತಿರ ಕಾಫಿ ತೋಟ ನೋಡಿಕೊಂಡಿರುವ ನಿವೃತ್ತ ಚೀಫ್ ಎಂಜಿನಿಯರ್.)

ಪ್ರಶ್ನೆ: ನಮ್ಮ ಮಾವ ಪಣಂಬೂರಿನ ಬಂದರಿಗೆ ಲಾರಿ ಓಡಿಸುತ್ತಾರೆ. ಅವರು ಕಳಿಸಿದ ಫೋಟೊದಲ್ಲಿ ಹಡಗಿನ ಹಿಂಭಾಗದಲ್ಲಿ ಅದರ ಹೆಸರು, ಕೆಳಗೆ ‘ಮಜುರೋ’ ಅಂತ ಬರೆದಿತ್ತು. ಅದು ಯಾವ ಊರು? ಹಡಗು ಅಲ್ಲಿಂದ ಬಂದಿತ್ತಾ?
– ಒಂಬತ್ತನೇ ತರಗತಿ ವಿದ್ಯಾರ್ಥಿನಿ, ತರೀಕೆರೆ

ಉತ್ತರ: ಜಾಣೆ ಕಣಮ್ಮ ನೀನು. ಬಂದರಿಗೆ ಹೋದವರು ಹಡಗಿನ ಮೂತಿ ನೋಡಿ ಬರುತ್ತಾರೆ, ನೀನು ಮನೆಯಲ್ಲೇ ಕೂತು ಬೆನ್ನು ನೋಡಿದ್ದೀಯ. ಮಜುರೋ ಅಂದರೆ ಪೆಸಿಫಿಕ್ ಸಾಗರದ ಮಾರ್ಷಲ್ ದ್ವೀಪಗಳ ರಾಜಧಾನಿ. ಹಡಗು ಅಲ್ಲಿಂದ ಬಂದಿರಬೇಕು ಅಂತೇನಿಲ್ಲ, ಆ ಕಡೆ ಒಂದು ಸಲವೂ ತಲೆ ಹಾಕದೆ ಇರಬಹುದು. ಅದು ಹಡಗು ನೋಂದಣಿಯಾದ ಊರು, ಅಷ್ಟೇ. ನೋಂದಣಿಯಾದ ದೇಶದ ಬಾವುಟವನ್ನೇ ಹಡಗು ಹಾರಿಸುತ್ತದೆ. ಚಿಕ್ಕಮಗಳೂರಿನ ಲಾರಿಗೆ ಕೆಎ-18 ಅಂತ ಇರುತ್ತದಲ್ಲ, ಹಾಗೆ.

ರಾತ್ರಿ ಬೆಂಗಳೂರಿಗೆ ಓಡುವ ಕೆಲವು ಸ್ಲೀಪರ್ ಬಸ್ಸುಗಳಿಗೆ ನಾಗಾಲ್ಯಾಂಡಿನ ನಂಬರ್ ಇರುವುದನ್ನು ನೀನು ನೋಡಿರಬಹುದು. ಮಾಲೀಕ ನಮ್ಮವನೇ, ಡ್ರೈವರ್ ನಮ್ಮವನೇ. ಬಸ್ಸು ಕೊಹಿಮಾದ ಮುಖ ನೋಡಿರುವುದಿಲ್ಲ. ತೆರಿಗೆ ಕಡಿಮೆ, ತಕರಾರು ಕಡಿಮೆ ಅಂತ ಅಲ್ಲಿ ನೋಂದಣಿ ಮಾಡಿಸಿರುತ್ತಾರೆ. ಹಡಗಿನವರದೂ ಅದೇ ಲೆಕ್ಕ. ಮಾರ್ಷಲ್ ದ್ವೀಪಗಳ ಹಡಗು ನೋಂದಣಿಯ ಕೆಲಸ ನಡೆಯುವುದು ಅಮೆರಿಕದ ವರ್ಜೀನಿಯಾದಲ್ಲಿ. ಲೈಬೀರಿಯಾದ್ದೂ ಅಲ್ಲೇ! ಸಮುದ್ರವೇ ಇಲ್ಲದ ಮಂಗೋಲಿಯಾ ಕೂಡ ಹಡಗು ನೋಂದಾಯಿಸುತ್ತದೆ. ಸ್ವಿಟ್ಜರ್ಲೆಂಡಿನ ಹಡಗುಗಳ ಬೆನ್ನ ಮೇಲೆ ‘ಬಾಸೆಲ್’ ಅಂತ ಇರುತ್ತದೆ, ಅದು ರೈನ್ ನದಿ ದಂಡೆಯ ಊರು. ಹೇಮಾವತಿ ದಂಡೆಯ ಸಕಲೇಶಪುರದ ಹೆಸರು ಯಾಕೆ ಬರೆಸಬಾರದು ಅಂತ ನಾನೊಮ್ಮೆ ಕ್ಯಾಪ್ಟನ್‌ರನ್ನು ಕೇಳಿದ್ದೆ. ಅವರು ನಗಲಿಲ್ಲ.

ಇನ್ನೊಂದು ಸಲ ಫೋಟೊ ಬಂದರೆ ‘ಐಎಂಒ’ (ಅಂತರರಾಷ್ಟ್ರೀಯ ಕಡಲ ಸಂಸ್ಥೆ) ಅಂತ ಬರೆದು ಮುಂದೆ ಏಳು ಅಂಕಿ ಇದೆಯಾ ನೋಡು. ಹಡಗಿನ ಹೆಸರು ಬದಲಾಗುತ್ತದೆ, ಬಾವುಟ ಬದಲಾಗುತ್ತದೆ, ಮಾಲೀಕ ಬದಲಾಗುತ್ತಾನೆ. ಗುಜರಿಗೆ ಹೋಗುವ ತನಕ ಆ ನಂಬರ್ ಮಾತ್ರ ಬದಲಾಗುವುದಿಲ್ಲ.

ಪ್ರಶ್ನೆ: ಸರ್, ನನ್ನ ಮಗ ಹತ್ತನೇ ತರಗತಿ ಮುಗಿಸಿ ಹಡಗಿನ ಸಾಮಾನ್ಯ ಕೆಲಸಗಾರರಿಗೆ ಇರುವ ಆರು ತಿಂಗಳ ಜಿಪಿ ರೇಟಿಂಗ್ ಕೋರ್ಸ್ ಮಾಡಿದ್ದಾನೆ. ನಾವಿಕರಿಗೆ ಕೊಡುವ ಸಿಡಿಸಿ ಪುಸ್ತಕ ಕೈಗೆ ಬಂದಿದೆ. ಒಂದು ವರ್ಷದಿಂದ ಕೆಲಸ ಇಲ್ಲ. ಈಗ ಒಬ್ಬ ಏಜೆಂಟ್ ಸಿಕ್ಕಿದ್ದಾನೆ. ಮಾಲೀಕರು ದುಬೈನವರಂತೆ, ಹಡಗಿಗೆ ಪನಾಮ ಬಾವುಟವಂತೆ. ಮೂರೂವರೆ ಲಕ್ಷ ಕೊಟ್ಟರೆ ಹದಿನೈದು ದಿನದಲ್ಲಿ ಕಳಿಸುತ್ತೇನೆ ಅನ್ನುತ್ತಾನೆ. ತೆಂಗಿನ ತೋಟ ಅಡವಿಟ್ಟು ಕೊಡಲಾ? ನನ್ನ ಮನೆಯವಳು ‘ನಮ್ಮ ದೇಶದ ಹಡಗಾದರೆ ಮಾತ್ರ ಕಳಿಸಿ’ ಅಂತ ಹಟ ಹಿಡಿದಿದ್ದಾಳೆ.
– ಒಬ್ಬ ತಂದೆ, ಚನ್ನರಾಯಪಟ್ಟಣ ತಾಲ್ಲೂಕು

ಉತ್ತರ: ಯಜಮಾನ್ರೇ, ದುಡ್ಡಿನ ಮಾತು ಮೊದಲು. ಒಂದು ರೂಪಾಯಿಯನ್ನೂ ಕೊಡಬೇಡಿ. ಹಡಗಿನ ಕೆಲಸ ಕೊಡಿಸಲು ಕೆಲಸಗಾರನಿಂದ ದುಡ್ಡು ತೆಗೆದುಕೊಳ್ಳುವ ಹಾಗೇ ಇಲ್ಲ. ಪಾಸ್‌ಪೋರ್ಟ್, ಸಿಡಿಸಿ, ಡಾಕ್ಟರ್ ಸರ್ಟಿಫಿಕೇಟು, ಇಷ್ಟರ ಖರ್ಚು ನಿಮ್ಮದಾಗಬಹುದು. ವೀಸಾ ಖರ್ಚು ಹಡಗಿನ ಮಾಲೀಕನದು. ಜನರನ್ನು ಕಳಿಸುವ ಕಂಪನಿಗೆ ಮುಂಬೈಯ ಡೈರೆಕ್ಟರೇಟ್ ಜನರಲ್ ಆಫ್ ಶಿಪ್ಪಿಂಗ್ ಕೊಟ್ಟ ಆರ್‌ಪಿಎಸ್‌ಎಲ್ ಲೈಸೆನ್ಸ್ ಇರಲೇಬೇಕು. ಆ ಇಲಾಖೆಯ ವೆಬ್‌ಸೈಟಿನಲ್ಲಿ ಪಟ್ಟಿ ಇದೆ, ಮಗನಿಗೆ ನೋಡಲು ಹೇಳಿ. ಏಜೆಂಟನ ವಿಸಿಟಿಂಗ್ ಕಾರ್ಡ್ ಮೇಲೆ ಲಂಗರಿನ ಚಿತ್ರ ಇದ್ದರೆ ಅದು ಲೈಸೆನ್ಸ್ ಅಲ್ಲ. ಟೂರಿಸ್ಟ್ ವೀಸಾದಲ್ಲಿ ಕಳಿಸುತ್ತೇನೆ, ಅಲ್ಲಿ ಹೋದ ಮೇಲೆ ಹಡಗು ಗೊತ್ತಾಗುತ್ತದೆ ಅಂದನೋ, ಬಾಗಿಲು ತೋರಿಸಿ.

ಇನ್ನು ಬಾವುಟ. ಮೇಲೆ ತರೀಕೆರೆ ಹುಡುಗಿಗೆ ಬಸ್ಸಿನ ಕಥೆ ಹೇಳಿದೆನಲ್ಲ, ಅದು ಅರ್ಧ ಮಾತ್ರ ನಿಜ. ನಾಗಾಲ್ಯಾಂಡ್ ನಂಬರಿನ ಬಸ್ಸು ಹಾಸನದಲ್ಲಿ ಕೆಟ್ಟು ನಿಂತರೆ ಹಾಸನದ ಪೊಲೀಸರೇ ಬರುತ್ತಾರೆ. ನಡುಸಮುದ್ರದಲ್ಲಿ ಹಾಗಲ್ಲ. ಹಡಗಿನೊಳಗೆ ನಡೆಯುವುದು ಬಾವುಟದ ದೇಶದ ಕಾನೂನು. ಕನಿಷ್ಠ ಎಷ್ಟು ಜನ ಇರಬೇಕು, ಯಾರ ಸರ್ಟಿಫಿಕೇಟು ನಡೆಯುತ್ತದೆ, ಸಂಬಳ ನಿಂತರೆ ದೂರು ಯಾರಿಗೆ, ಎಲ್ಲದಕ್ಕೂ ಆ ಬಾವುಟವೇ ಉತ್ತರ. ಅದಕ್ಕೇ ನಮ್ಮ ಆಫೀಸರ್‌ಗಳು ಪನಾಮ ಹಡಗು ಹತ್ತುವಾಗ ಭಾರತದ ಸರ್ಟಿಫಿಕೇಟಿನ ಜೊತೆಗೆ ಪನಾಮದ ಒಪ್ಪಿಗೆಯನ್ನೂ ಪಡೆಯಬೇಕು.

2021ರ ಮಾರ್ಚ್‌ನಲ್ಲಿ ಸೂಯೆಜ್ ಕಾಲುವೆಗೆ ಅಡ್ಡ ನಿಂತ ‘ಎವರ್ ಗಿವನ್’ ಹಡಗು ನೆನಪಿದೆಯಾ? ಆರು ದಿನ ಟಿವಿ ತುಂಬ ಅದೇ ಇತ್ತು. ಮಾಲೀಕರು ಜಪಾನಿನವರು. ಓಡಿಸುವ ಕಂಪನಿ ತೈವಾನಿನದು. ಹಡಗಿನ ನಿರ್ವಹಣೆ ಜರ್ಮನಿಯ ಕಂಪನಿಯದು. ಬಾವುಟ ಪನಾಮದ್ದು. ಒಳಗಿದ್ದ 25 ಜನರೂ ನಮ್ಮ ಭಾರತದವರು! ಹೂತುಕೊಂಡದ್ದು ಈಜಿಪ್ಟಿನ ಮರಳಿನಲ್ಲಿ. ಮರಳಿನಿಂದ ಬಿಡಿಸಿದ ಮೇಲೂ ಪರಿಹಾರದ ಜಗಳ ಮುಗಿಯದೆ, ಆ ವರ್ಷದ ಜುಲೈವರೆಗೆ ಹಡಗು ಅಲ್ಲಿಂದ ಹೊರಡಲಾಗಲಿಲ್ಲ.

ಹಾಗಂತ ಪನಾಮ ಅಂದ ತಕ್ಷಣ ಹೆದರಬೇಡಿ. ಈ ಬಾವುಟ ಬದಲಿಸುವ ಆಟ ಹಳೆಯದು. 1922ರಲ್ಲಿ ಅಮೆರಿಕದಲ್ಲಿ ಪಾನನಿಷೇಧ ಇದ್ದಾಗ, ಪ್ರಯಾಣಿಕರಿಗೆ ಮದ್ಯ ಮಾರಲಿಕ್ಕೆಂದೇ ಎರಡು ಹಡಗುಗಳು ಪನಾಮ ಬಾವುಟ ಹಾರಿಸಿದವು. ಈಗ ಒಳ್ಳೊಳ್ಳೆಯ ಕಂಪನಿಗಳ ಹಡಗುಗಳೂ ಪನಾಮ, ಲೈಬೀರಿಯಾ, ಮಾರ್ಷಲ್ ದ್ವೀಪಗಳಲ್ಲೇ ನೋಂದಣಿಯಾಗಿವೆ. ನಾನೂ ಜಾಸ್ತಿ ವರ್ಷ ದುಡಿದದ್ದು ಅಂಥ ಹಡಗುಗಳಲ್ಲೇ. ಸಂಬಳ ಒಂದು ದಿನ ತಡವಾಗಲಿಲ್ಲ. ಇವುಗಳಲ್ಲದೆ ಹೆಸರೇ ಕೇಳದ ಕೆಲವು ಬಾವುಟಗಳಿವೆ. ಇಪ್ಪತ್ತೈದು, ಮೂವತ್ತು ವರ್ಷದ ಮುದಿ ಹಡಗುಗಳು ಗುಜರಿಗೆ ಹೋಗುವ ಮೊದಲು ಆ ಬಾವುಟಗಳ ಕೆಳಗೆ ಒಂದು ಸುತ್ತು ಬರುತ್ತವೆ. ಹೆದರಬೇಕಾದ್ದು ಅವಕ್ಕೆ.

ಹೆದರಿ ಕಲಿತವನು ನಾನು. 2009ರಲ್ಲಿ ಸೆಕೆಂಡ್ ಎಂಜಿನಿಯರ್ ಆಗಿದ್ದೆ. ಹಡಗುಗಳ ಬಾಡಿಗೆ ದರ ನೆಲಕಚ್ಚಿದ ಕಾಲ. ಹೆಂಡತಿ ಬಸುರಿ, ಮನೆ ಅರ್ಧ ಕಟ್ಟಿ ನಿಂತಿತ್ತು. ಸಿಕ್ಕ ಹಡಗು ಹತ್ತಿದೆ, ಬಾವುಟ ಯಾವುದು ಅಂತ ಕೇಳಲೂ ಇಲ್ಲ. ಕೊಲ್ಲಿಯ ಒಂದು ಬಂದರಿನ ಹೊರಗೆ ಲಂಗರು ಹಾಕಿದ ಮೇಲೆ ಮಾಲೀಕ ಫೋನ್ ಎತ್ತುವುದನ್ನೇ ಬಿಟ್ಟ. ಡೀಸೆಲ್ ಉಳಿಸಲಿಕ್ಕೆ ದಿನಕ್ಕೆ ನಾಲ್ಕು ಗಂಟೆ ಮಾತ್ರ ಜನರೇಟರ್ ಓಡಿಸುತ್ತಿದ್ದೆವು. ಕೋಲ್ಡ್ ರೂಮಿನ ಮಾಂಸ ಕೊಳೆಯಿತು, ಎಲ್ಲ ಸಮುದ್ರಕ್ಕೆ ಎಸೆದೆವು. ಕಬ್ಬಿಣದ ಹಡಗು, ಜೂನ್ ತಿಂಗಳ ಬಿಸಿಲು, ಒಳಗೆ ಮಲಗಲು ಆಗುತ್ತಿರಲಿಲ್ಲ. ಡೆಕ್ ಮೇಲೆ ಟಾರ್ಪಾಲಿನ ಕೆಳಗೆ ಹತ್ತೊಂಬತ್ತು ಜನ ಮಲಗುತ್ತಿದ್ದೆವು. ಅನ್ನ, ತೊಗರಿಬೇಳೆ, ಗಾಳ ಹಾಕಿ ಹಿಡಿದ ಮೀನು. ಬಾವುಟದ ದೇಶದ ಕಚೇರಿಗೆ ಎಂಟು ಇಮೇಲ್ ಕಳಿಸಿದೆವು. ಆರು ವಾರದ ಮೇಲೆ ಉತ್ತರ ಬಂತು: ಒಂದು ಫಾರಂ ತುಂಬಿ ಕಳಿಸಿ ಅಂತ.

ಕೊನೆಗೆ ಕೈ ಹಿಡಿದದ್ದು ನಾವಿಕರ ಯೂನಿಯನ್. ಕೋರ್ಟಿಗೆ ಹೋಗಿ ಹಡಗನ್ನು ಜಪ್ತಿ ಮಾಡಿಸಿದರು. ಹಡಗು ಹರಾಜಾದರೆ ಸಾಮಾನ್ಯವಾಗಿ ಬ್ಯಾಂಕಿನ ಸಾಲಕ್ಕಿಂತ ಮೊದಲು ಸಿಬ್ಬಂದಿಯ ಸಂಬಳ ತೀರಿಸಬೇಕು, ಇದು ಆವರೆಗೆ ನನಗೆ ಗೊತ್ತಿರಲಿಲ್ಲ. ಹದಿನಾಲ್ಕು ತಿಂಗಳ ಮೇಲೆ ದುಡ್ಡು ಕೈಗೆ ಬಂತು, ಅದೂ ಮುಕ್ಕಾಲು ಪಾಲು. ನಾನು ಮನೆ ಮುಟ್ಟುವಾಗ ಮಗಳು ಮಗುಚಿ ಬೀಳಲು ಕಲಿತಿದ್ದಳು.

ಈಗ ಕಾಲ ಸ್ವಲ್ಪ ಸುಧಾರಿಸಿದೆ. ಎಂಎಲ್‌ಸಿ ಅಂತ ಕಡಲ ಕಾರ್ಮಿಕರ ಒಪ್ಪಂದ 2013ರಲ್ಲಿ ಜಾರಿಗೆ ಬಂತು, ಭಾರತ 2015ರಲ್ಲಿ ಒಪ್ಪಿತು. ಪನಾಮವೂ ಒಪ್ಪಿದೆ. 2017ರಿಂದ ಹಡಗಿನ ಮಾಲೀಕ ವಿಮೆಯನ್ನೋ ಅಂಥದ್ದೇ ಇನ್ನೊಂದು ಭದ್ರತೆಯನ್ನೋ ಇಟ್ಟಿರಲೇಬೇಕು. ಅವನು ಕೈಬಿಟ್ಟರೆ ನಾಲ್ಕು ತಿಂಗಳವರೆಗಿನ ಬಾಕಿ ಸಂಬಳ ಮತ್ತು ಊರಿಗೆ ಬರುವ ಖರ್ಚು ಅದರಿಂದ ಬರುತ್ತದೆ. ಎರಡು ತಿಂಗಳ ಸಂಬಳ ಬಾಕಿ ಆದರೂ ಕೈಬಿಟ್ಟ ಲೆಕ್ಕವೇ. ಆ ಸರ್ಟಿಫಿಕೇಟನ್ನು ಹಡಗಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ಅಂಟಿಸಿರಬೇಕು. ಊಟದ ಮೆಸ್ಸಿನ ಹತ್ತಿರ ಇರುತ್ತದೆ. ಮಗ ಹತ್ತಿದ ದಿನವೇ ಅದರ ಫೋಟೊ ತೆಗೆದು ನಿಮಗೆ ಕಳಿಸಲಿ. ಹತ್ತುವ ಮೊದಲೇ ಕೆಲಸದ ಕರಾರುಪತ್ರದ ಒಂದು ಪ್ರತಿ ಮನೆಯಲ್ಲಿರಲಿ. ಅದರಲ್ಲಿ ಮಾಲೀಕನ ಹೆಸರು, ವಿಳಾಸ, ಸಂಬಳ, ಎಷ್ಟು ತಿಂಗಳು ಎಲ್ಲ ಇರಬೇಕು. ಐಎಂಒ ನಂಬರ್ ಕೇಳಿ. ನಂಬರ್ ಸಿಕ್ಕರೆ ಹಡಗಿನ ವಯಸ್ಸು, ಹಿಂದೆ ಎಷ್ಟು ಹೆಸರು ಬದಲಿಸಿತು, ಯಾವ ಬಂದರಿನಲ್ಲಿ ತಪಾಸಣೆಯವರು ಹಿಡಿದು ನಿಲ್ಲಿಸಿದರು ಎಲ್ಲ ಇಂಟರ್‌ನೆಟ್ಟಿನಲ್ಲಿ ಸಿಗುತ್ತದೆ. ನಂಬರ್ ಕೊಡಲು ಏಜೆಂಟ್ ಹಿಂದೆಮುಂದೆ ನೋಡಿದರೆ ನಿಮಗೆ ಉತ್ತರ ಸಿಕ್ಕಿತು ಅಂತಲೇ ತಿಳಿಯಿರಿ.

ಮನೆಯವರ ಮಾತಿಗೆ ಬರುತ್ತೇನೆ. ನಮ್ಮ ದೇಶದ ವ್ಯಾಪಾರಿ ಹಡಗಿಗೆ ಕೆಂಪು ಬಾವುಟ, ಮೂಲೆಯಲ್ಲಿ ತ್ರಿವರ್ಣ. ನಾನು ಮೊದಲು ಹತ್ತಿದ್ದು ಅದನ್ನೇ, ಬೆನ್ನ ಮೇಲೆ ‘ಮುಂಬೈ’ ಅಂತಿತ್ತು. ಜೊತೆಗಿರುವವರೆಲ್ಲ ಹೆಚ್ಚುಕಡಿಮೆ ನಮ್ಮವರೇ. ಊಟದ ಚಿಂತೆ ಇಲ್ಲ. ಏನಾದರೂ ಆದರೆ ದೂರು ಹೇಳಬೇಕಾದ ಕಚೇರಿ ನಮ್ಮ ದೇಶದಲ್ಲೇ ಇದೆ, ಅದು ಸಣ್ಣ ಮಾತಲ್ಲ. ಮೊದಲ ಹಡಗು ಅಂಥದ್ದಾದರೆ ಒಳ್ಳೆಯದು ಅಂತ ನನಗೂ ಅನ್ನಿಸುತ್ತದೆ. ಆದರೆ ನಮ್ಮ ಬಾವುಟದ ಹಡಗುಗಳೇ ಕಡಿಮೆ, ಹೊಸಬರ ಸಾಲು ಉದ್ದ. ಲೈಸೆನ್ಸ್ ಇರುವ ಕಂಪನಿಯ ಮೂಲಕ ಒಳ್ಳೆಯ ಪನಾಮ ಹಡಗು ಸಿಕ್ಕರೆ ಬೇಡ ಅನ್ನಬೇಡಿ ಅಂತ ನಾನು ಹೇಳಿದೆ ಅಂತ ಅಮ್ಮನಿಗೆ ತಿಳಿಸಿ. ಅಲ್ಲಿಯವರೆಗೆ ಮಗ ತೋಟದಲ್ಲಿ ಕಾಯಿ ಕೀಳಿಸಲಿ. ತೋಟ ಅಡವಿಗೆ ಹೋಗುವುದು ಬೇಡ.

ಪ್ರಶ್ನೆ: ನಮ್ಮ ಕಡೆಯ ಕಾಫಿ ಇಟಲಿಗೆ ಹೋಗುತ್ತದೆ. ಅದನ್ನು ಭಾರತದ ಹಡಗುಗಳೇ ಯಾಕೆ ಒಯ್ಯುವುದಿಲ್ಲ?
– ಕಾಫಿ ಬೆಳೆಗಾರರು, ಸಕಲೇಶಪುರ

ಉತ್ತರ: ದೂರದ ಕಂಟೇನರ್ ದಾರಿಗಳೆಲ್ಲ ಹೊರದೇಶದ ದೊಡ್ಡ ಕಂಪನಿಗಳ ಕೈಯಲ್ಲಿವೆ. ಇಲ್ಲಿ ಹಡಗು ಕೊಳ್ಳುವ ಸಾಲಕ್ಕೆ ಬಡ್ಡಿ ಜಾಸ್ತಿ. ತೆರಿಗೆಯೂ ಜಾಸ್ತಿ ಅಂತ ಮಾಲೀಕರು ಮೊದಲಿಂದಲೂ ಗೊಣಗುತ್ತಾರೆ, ಪೂರ್ತಿ ಸುಳ್ಳೇನಲ್ಲ. ಹಾಗಾಗಿ ಹಡಗು ಕೊಳ್ಳುವ ನಮ್ಮವರೂ ಕೆಲವರು ಹೊರಗಿನ ಬಾವುಟ ಹುಡುಕುತ್ತಾರೆ. 1958ರ ಹಳೆಯ ಕಾಯ್ದೆಯ ಜಾಗಕ್ಕೆ 2025ರಲ್ಲಿ ಸಂಸತ್ತು ಹೊಸ ಮರ್ಚೆಂಟ್ ಶಿಪ್ಪಿಂಗ್ ಕಾಯ್ದೆ ತಂದಿದೆ. ಭಾರತದ ಬಾವುಟ ಯಾರು ಹಾರಿಸಬಹುದು ಅನ್ನುವ ನಿಯಮ ಅದರಲ್ಲಿ ಸಡಿಲವಾಗಿದೆ. ಹಡಗು ಹೆಚ್ಚಾಗುತ್ತವಾ ನೋಡೋಣ. ನಿಮ್ಮ ಮೂಟೆ ಶಿರಾಡಿ ಘಾಟಿಯ ಹೊಂಡ ದಾಟಿ ಮಂಗಳೂರು ಮುಟ್ಟುವುದೇ ನನಗೆ ಸದ್ಯಕ್ಕೆ ದೊಡ್ಡ ಚಿಂತೆ, ನನ್ನ ಮೂಟೆಗಳೂ ಅದೇ ದಾರಿಯಲ್ಲಿ ಹೋಗಬೇಕಲ್ಲ.